ಕೂಡಿ ನಡೆವ ಹೆಜ್ಜೆ

ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆಯ ಕಡೆಗೆ ಸಾಗುವ ರಸ್ತೆಯಲ್ಲಿ ದೊಡ್ಡಬೆಳವಂಗಲವೆಂಬ ಊರಿದೆ. ಅದೊಂದು ಹೋಬಳಿಯ ಕೇಂದ್ರ. ಸುತ್ತಮುತ್ತ ರಾಗಿಯ ಹೊಲಗಳು, ಹಿಪ್ಪುನೇರಳೆಯ ತೋಟಗಳು, ನೀಲಗಿರಿಯ ತೋಪುಗಳು, ಮಳೆಯನ್ನೇ ನಂಬಿ ನಿಂತ ಕೆರೆಗಳು. ಬಯಲುಸೀಮೆಯ ಇತರ ಊರುಗಳಂತೆ ಇದೂ ಒಂದು ಊರು. ಇಂತಹ ಊರುಗಳಲ್ಲಿ ಕಳೆದ ಎರಡು ತಲೆಮಾರುಗಳ ಅವಧಿಯಲ್ಲಿ ಒಂದು ದೊಡ್ಡ ಬದಲಾವಣೆಯು ಸದ್ದಿಲ್ಲದೆ ನಡೆದುಹೋಗಿದೆ. ಹೆಂಗಸರ ಬದುಕಿನಿಂದ ನಡಿಗೆಯು ಮೆಲ್ಲಮೆಲ್ಲನೆ ಮರೆಯಾಗುತ್ತ ಬಂದಿದೆ.

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಮನೆಗೆ ಬೇಕಾದ ನೀರು ಊರಿನ ಬಾವಿಯಿಂದಲೋ ಕೆರೆಯ ಬದಿಯ ತೋಡಿನಿಂದಲೋ ಬರಬೇಕಾಗಿತ್ತು. ಮುಂಜಾನೆ ಬೀಸುವ ಕಲ್ಲಿನ ಮುಂದೆ ಕುಳಿತು ರಾಗಿ ಬೀಸಿ, ಕೊಡವೆತ್ತಿಕೊಂಡು ನಾಲ್ಕಾರು ಸಲ ಬಾವಿಗೆ ಹೋಗಿಬಂದು, ಬಳಿಕ ಹೊಲಕ್ಕೆ ಬುತ್ತಿ ಹೊತ್ತುಕೊಂಡು ಹೋಗುವುದು ಅವರ ನಿತ್ಯಕ್ರಮ. ಸೌದೆಗೆ ತೋಪಿನವರೆಗೆ ನಡೆಯಬೇಕು, ಸಂತೆಗೆ ಮತ್ತೊಂದು ಊರಿಗೆ ನಡೆಯಬೇಕು. ಜಾತ್ರೆಯ ಕಾಲ ಬಂದರೆ ಘಾಟಿ ಸುಬ್ರಹ್ಮಣ್ಯಕ್ಕೋ ಶಿವಗಂಗೆಗೋ ಗುಂಪುಕಟ್ಟಿಕೊಂಡು ಕಾಲುನಡಿಗೆಯಲ್ಲಿಯೇ ಹೊರಡಬೇಕು. ಇದನ್ನೆಲ್ಲ ವ್ಯಾಯಾಮವೆಂದು ಅವರಾರೂ ಭಾವಿಸಿರಲಿಲ್ಲ. ಅದು ದುಡಿಮೆ, ಮಾಡದಿದ್ದರೆ ಒಲೆ ಹೊತ್ತುತ್ತಿರಲಿಲ್ಲ.

ಆ ಕಾಲವು ಸುಖದ ಕಾಲವಾಗಿತ್ತೆಂದು ಹೇಳುವುದು ಅನ್ಯಾಯವಾದೀತು. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬೇಸಿಗೆಯ ಬಿಸಿಲಿನಲ್ಲಿ ನಡೆದ ಹೆಂಗಸಿಗೆ ಮನೆಯ ಬಾಗಿಲಿಗೆ ಬಂದ ನಲ್ಲಿಯು ದೇವರು ಕೊಟ್ಟ ವರವೇ ಸರಿ. ಹಿಟ್ಟಿನ ಗಿರಣಿಯು ಆಕೆಯ ಭುಜದ ನೋವನ್ನು ಕಳೆಯಿತು, ಅನಿಲದ ಒಲೆಯು ಕಣ್ಣಿನ ಹೊಗೆಯನ್ನು ಕಳೆಯಿತು. ಇವುಗಳಲ್ಲಿ ಯಾವುದನ್ನೂ ಹಿಂದಿರುಗಿಸಬೇಕೆಂದು ವಿವೇಕವುಳ್ಳವರು ಹೇಳಲಾರರು. ಆದರೆ ಕೊಡದ ಭಾರವು ಹೋದಾಗ ಅದರೊಡನೆ ಬೇರೆ ಎರಡು ವಸ್ತುಗಳು ಹೋದವು. ಮೊದಲನೆಯದು ನಡಿಗೆ. ಎರಡನೆಯದು ಜೊತೆ. ಬಾವಿಯ ದಾರಿಯಲ್ಲಿ ಅಕ್ಕಪಕ್ಕದ ಮನೆಯವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದ ಮಾತಿಗೆ ಈಗ ಸ್ಥಳವಿಲ್ಲದಂತಾಗಿದೆ.

ಹೊಸ ಕಾಲದ ದುಡಿಮೆಯ ಸ್ವರೂಪವೂ ಬೇರೆ. ದೊಡ್ಡಬಳ್ಳಾಪುರವು ಮಗ್ಗಗಳಿಗೆ ಹೆಸರಾದ ಊರು. ಅಲ್ಲಿ ನೂಲು ಸುತ್ತುವ ಹೆಂಗಸು ಒಂದೇ ಸ್ಥಳದಲ್ಲಿ ಗಂಟೆಗಟ್ಟಲೆ ಇರಬೇಕು. ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಸುತ್ತಲಿನ ಹಳ್ಳಿಗಳಿಂದ ವಾಹನಗಳಲ್ಲಿ ಹೋಗಿಬರುವ ತರುಣಿಯರು ಹೊಲಿಗೆ ಯಂತ್ರದ ಮುಂದೆ ಬೆನ್ನು ಬಾಗಿಸಿ ಕುಳಿತರೆ ಏಳುವುದು ಊಟದ ಹೊತ್ತಿಗೆ. ಸಂಜೆ ದಣಿದು ಮನೆಗೆ ಬರುತ್ತಾರೆ. ದಣಿವೇನೋ ನಿಜ, ಆದರೆ ದಣಿದದ್ದು ಕಣ್ಣು, ಕುತ್ತಿಗೆ, ಸೊಂಟ. ಹೃದಯಕ್ಕೂ ಕಾಲುಗಳಿಗೂ ದೊರೆಯಬೇಕಾದ ಚಲನೆಯು ದೊರೆತಿರುವುದಿಲ್ಲ.

‘ಬೆಳಗಿನಿಂದ ರಾತ್ರಿಯವರೆಗೆ ದುಡಿಯುವವಳಿಗೆ ನಡಿಗೆ ಏತಕ್ಕಮ್ಮ? ಅದೆಲ್ಲ ಪೇಟೆಯವರಿಗೆ’ ಎಂದು ಮನೆಯ ಹಿರಿಯರು ಹೇಳುವುದುಂಟು. ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಹೊಲದಲ್ಲಿ ಕಳೆ ಕೀಳುವುದು, ಹುಲ್ಲಿನ ಹೊರೆ ಹೊರುವುದು, ನೆಲ ಸಾರಿಸುವುದು ಇವೆಲ್ಲವೂ ದೇಹಶ್ರಮವೇ. ವಿಶ್ವ ಆರೋಗ್ಯ ಸಂಸ್ಥೆಯೂ ಅವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಇಡೀ ದಿನ ಹೊಲದಲ್ಲಿ ನಡೆದಾಡುವ ಹೆಂಗಸಿಗೆ ಸಂಜೆ ಬೇಕಾದದ್ದು ವಿಶ್ರಾಂತಿ. ಆದರೆ ಹಳ್ಳಿಯಲ್ಲಿರುವವರೆಲ್ಲರೂ ಇಂದು ಹೊಲದಲ್ಲಿ ದುಡಿಯುವವರಲ್ಲ. ಅಡಿಗೆಮನೆಯ ಕೆಲಸವು ದಿನವೆಲ್ಲ ಇದ್ದರೂ ಅದು ಎರಡು ಹೆಜ್ಜೆ ಇಟ್ಟು ನಿಲ್ಲುವ, ಬಗ್ಗಿ ಏಳುವ ಕೆಲಸ. ಉಸಿರು ತುಸು ವೇಗವಾಗಿ, ಹೃದಯವು ಒಂದೇ ಸಮನೆ ಅರ್ಧ ಗಂಟೆ ಚುರುಕಾಗಿ ಮಿಡಿಯುವ ಅವಕಾಶ ಅದರಲ್ಲಿ ವಿರಳ. 2024ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ, 2022ರಲ್ಲಿ ಭಾರತದ ವಯಸ್ಕ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಪುರುಷರಲ್ಲಿ ಇಂಥವರ ಪ್ರಮಾಣ ನೂರಕ್ಕೆ 42. ಮನೆಯಲ್ಲಿ ಹೆಚ್ಚು ದುಡಿಯುವವರು ಯಾರೆಂದು ಕೇಳಿದರೆ ತಾಯಿಯ ಕಡೆಗೆ ಬೆರಳು ತೋರುವ ನಾವು, ಈ ಅಂಕೆಗಳನ್ನು ಕಂಡು ಅಚ್ಚರಿಪಡದಿರಲಾರೆವು.

ನಡಿಗೆಗೂ ಆರೋಗ್ಯಕ್ಕೂ ಇರುವ ಸಂಬಂಧವನ್ನು ಹಿರಿಯರು ಅನುಭವದಿಂದ ಬಲ್ಲವರಾಗಿದ್ದರು. ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ ಆಟಪಾಟಗಳಿಗೆ ಸೇರದೆ ಇದ್ದ ಬಾಲಕ ಗಾಂಧಿಯು, ತೆರೆದ ಗಾಳಿಯಲ್ಲಿ ದೂರ ನಡೆಯುವುದರ ಲಾಭವನ್ನು ಪುಸ್ತಕಗಳಲ್ಲಿ ಓದಿ ಅದನ್ನು ಅಭ್ಯಾಸ ಮಾಡಿಕೊಂಡುದಾಗಿ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಆದರೆ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದ್ದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ. ಅದರ ಕಥೆಯು ಸ್ವಾರಸ್ಯವಾಗಿದೆ.

ಲಂಡನ್ ನಗರದಲ್ಲಿ ಎರಡು ಅಂತಸ್ತಿನ ಬಸ್ಸುಗಳು ಓಡಾಡುತ್ತಿದ್ದವು. ಒಂದೊಂದು ಬಸ್ಸಿನಲ್ಲಿಯೂ ಇಬ್ಬರು ನೌಕರರು. ಚಾಲಕನು ದಿನವೆಲ್ಲ ಕುಳಿತಿರುವವನು. ನಿರ್ವಾಹಕನು ಚೀಟಿ ಕೊಡಲು ಮೆಟ್ಟಿಲು ಹತ್ತಿ ಇಳಿದು ತಿರುಗುವವನು. ಊರು ಒಂದೇ, ಬಸ್ಸು ಒಂದೇ; ಕುಳಿತಿರುವುದು ಮತ್ತು ತಿರುಗುವುದು ಇಷ್ಟೇ ಮುಖ್ಯ ವ್ಯತ್ಯಾಸ. ಜೆರ್ರಿ ಮಾರಿಸ್ ಎಂಬ ವೈದ್ಯರು ತಮ್ಮ ಸಂಗಡಿಗರೊಡನೆ ಇಂತಹ ಸಾವಿರಾರು ನೌಕರರ ಆರೋಗ್ಯದ ದಾಖಲೆಗಳನ್ನು ಪರಿಶೀಲಿಸಿ 1953ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಚಾಲಕರಿಗಿಂತ ನಿರ್ವಾಹಕರಲ್ಲಿ ಹೃದ್ರೋಗವು ಕಡಿಮೆಯಾಗಿತ್ತು. ಬಂದಾಗಲೂ ಅದರ ಉಗ್ರತೆ ಕಡಿಮೆಯಾಗಿತ್ತು. ಚಾಲಕರ ಸಮವಸ್ತ್ರದ ಸೊಂಟದ ಅಳತೆಯು ಹೆಚ್ಚೆಂಬುದನ್ನೂ ಮಾರಿಸ್ ಗಮನಿಸಿದರು. ದೇಹದ ಚಲನೆಯು ಹೃದಯವನ್ನು ಕಾಯುತ್ತದೆಂಬ ಮಾತಿಗೆ ಇದು ಮೊದಲ ಗಟ್ಟಿಯಾದ ಆಧಾರವಾಯಿತು. ಮಾರಿಸ್ ಅವರು ಸ್ವತಃ ವ್ಯಾಯಾಮನಿಷ್ಠರಾಗಿದ್ದು 99 ವರ್ಷ ಬಾಳಿದರು.

ಆ ಬಸ್ಸುಗಳ ನೌಕರರು ಪುರುಷರು. ಸ್ತ್ರೀಯರ ವಿಷಯವೇನು ಎಂಬ ಪ್ರಶ್ನೆಗೆ ಉತ್ತರವು ಬಹುಕಾಲದ ಮೇಲೆ ದೊರೆಯಿತು. ಅಮೆರಿಕದಲ್ಲಿ 72,488 ದಾದಿಯರನ್ನು 1986ರಿಂದ ಎಂಟು ವರ್ಷಗಳ ಕಾಲ ಗಮನಿಸಿದ ಸಂಶೋಧಕರು, ವಾರಕ್ಕೆ ಮೂರು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಚುರುಕಾಗಿ ನಡೆಯುವವರಲ್ಲಿ ಹೃದಯಾಘಾತದ ಸಂಭವವು ನೂರಕ್ಕೆ 30ರಿಂದ 40ರಷ್ಟು ಕಡಿಮೆಯೆಂದು 1999ರಲ್ಲಿ ವರದಿ ಮಾಡಿದರು. ಕಠಿಣವಾದ ವ್ಯಾಯಾಮ ಮಾಡಿದವರಿಗೆ ಎಷ್ಟು ಫಲ ದೊರೆಯಿತೋ ನಡೆದವರಿಗೂ ಹೆಚ್ಚುಕಡಿಮೆ ಅಷ್ಟೇ ಫಲ ದೊರೆಯಿತೆಂಬುದು ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶ.

ನಡೆಯುವಾಗ ದೇಹದೊಳಗೆ ಏನಾಗುತ್ತದೆಂಬುದನ್ನು ಈಗ ನೋಡೋಣ. ಹೃದಯವು ರಕ್ತವನ್ನು ಪಾದದವರೆಗೆ ತಳ್ಳುತ್ತದೆ. ಅಲ್ಲಿಂದ ಮೇಲಕ್ಕೆ ಹಿಂದಿರುಗುವಾಗ ರಕ್ತವು ಭೂಮಿಯ ಸೆಳೆತಕ್ಕೆ ವಿರುದ್ಧವಾಗಿ ಏರಬೇಕು. ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿರುವ ಮೀನಖಂಡದ ಸ್ನಾಯುಗಳು ಪ್ರತಿ ಹೆಜ್ಜೆಗೂ ಬಿಗಿದು ಸಡಿಲವಾಗುತ್ತ ನಡುವಿನ ರಕ್ತನಾಳಗಳನ್ನು ಹಿಂಡುತ್ತವೆ. ನಾಳಗಳೊಳಗಿನ ಸಣ್ಣ ಕವಾಟಗಳು ರಕ್ತವು ಕೆಳಕ್ಕೆ ಜಾರದಂತೆ ತಡೆಯುತ್ತವೆ. ಹೀಗೆ ಕಾಲು ಕೂಡ ಒಂದು ಪಂಪಿನಂತೆ ಕೆಲಸಮಾಡುತ್ತದೆ. ಬಹುಕಾಲ ನಿಂತೇ ಇರುವವರ, ಕುಳಿತೇ ಇರುವವರ ಪಾದಗಳು ಸಂಜೆಗೆ ಊದಿಕೊಳ್ಳುವುದಕ್ಕೆ ಈ ಪಂಪು ನಿಂತಿರುವುದೂ ಒಂದು ಕಾರಣ. ದಿನವೂ ನಡೆಯುವವರ ಹೃದಯವು ಕ್ರಮೇಣ ಬಲಗೊಂಡು, ಒಂದೊಂದು ಮಿಡಿತಕ್ಕೂ ಹೆಚ್ಚು ರಕ್ತವನ್ನು ನೂಕಬಲ್ಲುದಾಗುತ್ತದೆ. ಆದುದರಿಂದ ವಿಶ್ರಾಂತಿಯಲ್ಲಿರುವಾಗ ಅದು ಹೆಚ್ಚು ಸಲ ಮಿಡಿಯಬೇಕಾಗಿಲ್ಲ.

ಸಕ್ಕರೆ ಕಾಯಿಲೆಯು ಈಗ ಪೇಟೆಯವರ ಕಾಯಿಲೆಯಾಗಿ ಉಳಿದಿಲ್ಲ. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರು ಮಧುಮೇಹಿಗಳೆಂದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ತಿಳಿಸಿತು. ಉಂಡ ಆಹಾರದ ಸಕ್ಕರೆಯು ರಕ್ತದಿಂದ ಸ್ನಾಯುಗಳೊಳಕ್ಕೆ ಹೋಗಲು ಇನ್ಸುಲಿನ್ ಎಂಬ ರಸವು ಬೇಕು. ಆ ರಸದ ಬಲವು ಕುಂದಿದಾಗ ಸಕ್ಕರೆಯು ರಕ್ತದಲ್ಲಿಯೇ ಉಳಿಯುತ್ತದೆ. ಆದರೆ ದುಡಿಯುತ್ತಿರುವ ಸ್ನಾಯುವು ಇನ್ಸುಲಿನ್ನಿನ ಸಹಾಯವನ್ನು ಹೆಚ್ಚಾಗಿ ನಿರೀಕ್ಷಿಸದೆ ತಾನೇ ಸಕ್ಕರೆಯನ್ನು ಸೆಳೆದುಕೊಳ್ಳಬಲ್ಲುದು. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು, ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಕೆಲವು ವರ್ಷಗಳ ಕಾಲ ಗಮನಿಸಿ 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೂರು ವರ್ಷಗಳಲ್ಲಿ, ವಿಶೇಷ ಸಲಹೆ ಇಲ್ಲದವರ ಪೈಕಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ಮಿತವಾದ ಆಹಾರ ಮತ್ತು ದಿನಕ್ಕೆ ಅರ್ಧ ಗಂಟೆಯ ಚುರುಕು ನಡಿಗೆಯ ಸಲಹೆ ಪಡೆದವರಲ್ಲಿ ಆ ಸಂಖ್ಯೆಯು 39ಕ್ಕೆ ಇಳಿಯಿತು. ಯಾವ ಔಷಧಿಯನ್ನೂ ಸೇವಿಸದೆ ದೊರೆತ ಲಾಭವಿದು.

ಸ್ತ್ರೀಯರಿಗೆ ಇನ್ನೊಂದು ವಿಶೇಷವಾದ ಚಿಂತೆಯುಂಟು, ಅದು ಮೂಳೆಯದು. ಮೂಳೆಯು ಕಲ್ಲಿನಂತೆ ಜಡವಸ್ತುವಲ್ಲ. ಅದು ಸದಾ ಸವೆಯುತ್ತ, ಸದಾ ಕಟ್ಟಲ್ಪಡುತ್ತ ಇರುವ ಜೀವಂತ ವಸ್ತು. ಮೈಭಾರವು ಬಿದ್ದ ಮೂಳೆಯು ಗಟ್ಟಿಯಾಗುತ್ತದೆ, ಭಾರವಿಲ್ಲದ್ದು ಟೊಳ್ಳಾಗುತ್ತದೆ. ಸುಮಾರು ಮೂವತ್ತನೆಯ ವಯಸ್ಸಿನವರೆಗೆ ಮೂಳೆಯ ಕೂಡಿಕೆ ನಡೆದು, ಅನಂತರ ಸ್ವಲ್ಪಸ್ವಲ್ಪವಾಗಿ ಖರ್ಚು ಆರಂಭವಾಗುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಎಂಬ ರಸವು ಕಡಿಮೆಯಾಗುವುದರಿಂದ ಈ ಖರ್ಚು ಇನ್ನೂ ತೀವ್ರವಾಗುತ್ತದೆ. ಅಂಗಳದಲ್ಲಿ ಜಾರಿಬಿದ್ದ ಅಜ್ಜಿಯ ಸೊಂಟದ ಮೂಳೆ ಮುರಿಯುವುದರ ಹಿಂದಿನ ಕಾರಣವಿದು. ನಡಿಗೆಯೊಂದರಿಂದಲೇ ಮೂಳೆಯ ಸವೆತವು ನಿಲ್ಲುವುದೆಂದು ತಿಳಿಯಬಾರದು. ಸುಣ್ಣದ ಅಂಶವುಳ್ಳ ಆಹಾರವೂ ಎಳೆಬಿಸಿಲೂ ಬೇಕು. ಈ ಸೀಮೆಯ ಪುಣ್ಯವೆಂದರೆ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿದೆ. ಕಾಲುಗಳ ಸ್ನಾಯುಗಳು ಬಲವಾಗಿದ್ದು ಹೆಜ್ಜೆಯು ಸ್ಥಿರವಾಗಿದ್ದರೆ ಬೀಳುವ ಪ್ರಸಂಗವೇ ಕಡಿಮೆಯಾಗುತ್ತದೆಂಬುದನ್ನೂ ಮರೆಯುವಂತಿಲ್ಲ.

ಇಷ್ಟೆಲ್ಲ ಪ್ರಯೋಜನಗಳು ಒಬ್ಬಳೇ ನಡೆದರೂ ದೊರೆಯುತ್ತವಲ್ಲ, ಗುಂಪು ಏಕೆ ಬೇಕು? ವಿಷಯದ ತಿರುಳಿರುವುದು ಇಲ್ಲಿಯೇ. ಪುರುಷನೊಬ್ಬನು ಮುಂಜಾನೆ ಕೈಬೀಸಿಕೊಂಡು ರಸ್ತೆಯಲ್ಲಿ ಹೊರಟರೆ ಆತನನ್ನು ಯಾರೂ ತಡೆದು ಪ್ರಶ್ನಿಸುವುದಿಲ್ಲ. ಹೆಂಗಸೊಬ್ಬಳು ಹಾಗೆ ಬರಿಗೈಯಲ್ಲಿ ಹೊರಟರೆ ಜಗುಲಿಯಿಂದ ಜಗುಲಿಗೆ ಪ್ರಶ್ನೆ ಏಳುತ್ತದೆ: ‘ಎಲ್ಲಿಗಮ್ಮ ಹೊರಟೆ?’ ಆಕೆಯ ಸೊಂಟದಲ್ಲಿ ಕೊಡವಿದ್ದರೆ, ಕೈಯಲ್ಲಿ ಹಾಲಿನ ಕ್ಯಾನು ಇದ್ದರೆ, ತಲೆಯ ಮೇಲೆ ಹುಲ್ಲಿನ ಹೊರೆ ಇದ್ದರೆ ಈ ಪ್ರಶ್ನೆಯಿಲ್ಲ. ಮನೆಯವರ ಸಲುವಾಗಿ ಆಕೆ ಎಷ್ಟು ದೂರವಾದರೂ ನಡೆಯಬಹುದು. ತನ್ನ ಸಲುವಾಗಿ ನಡೆಯುವುದಕ್ಕೆ ಮಾತ್ರ ಕಾರಣ ಕೊಡಬೇಕು. ಜೊತೆಗೆ ನಿರ್ಜನವಾದ ದಾರಿಯ ಭಯ, ಬೀದಿನಾಯಿಗಳ ಭಯ, ಕೆಟ್ಟ ಮಾತಿನ ಭಯ. ಒಬ್ಬಳಿಗೆ ಎದುರಾಗುವ ಈ ತಡೆಗಳು ಐದಾರು ಮಂದಿ ಒಟ್ಟಿಗೆ ಹೊರಟಾಗ ತಾವಾಗಿಯೇ ಸಡಿಲವಾಗುತ್ತವೆ. ಐವರು ಹೆಂಗಸರು ನಾಲ್ಕು ದಿನ ಒಟ್ಟಾಗಿ ನಡೆದರೆ ಐದನೆಯ ದಿನ ಅದು ಊರಿನ ವಾಡಿಕೆಯಾಗಿರುತ್ತದೆ. ಹೆಂಗಸಿನ ಪಾಲಿಗೆ ಗುಂಪೆಂಬುದು ಹೊರಗೆ ಹೊರಡಲು ಬೇಕಾದ ಬಾಗಿಲೇ ಆಗಿದೆ.

ಗುಂಪಿನ ಎರಡನೆಯ ಗುಣವು ನಿಯಮ. ಮಳೆ ಬರುವಂತಿದೆ, ಮೈಗೆ ಆಲಸ್ಯವಾಗಿದೆ, ನಾಳೆ ನೋಡೋಣ ಎಂಬ ನೆಪಗಳು ಮನುಷ್ಯಮಾತ್ರದವರಿಗೆಲ್ಲ ಸಹಜ. ಆದರೆ ಬಾಗಿಲಲ್ಲಿ ಗೆಳತಿಯು ನಿಂತು ಕೂಗಿದಾಗ ನೆಪ ಹೇಳುವುದು ಕಷ್ಟ. ಇಂಗ್ಲೆಂಡಿನ ನಾರ್ವಿಚ್ ನಗರದ ವಿಶ್ವವಿದ್ಯಾಲಯದ ಸಾರಾ ಹ್ಯಾನ್ಸನ್ ಮತ್ತು ಆಂಡಿ ಜೋನ್ಸ್ ಎಂಬವರು, 14 ದೇಶಗಳಲ್ಲಿ ನಡಿಗೆಯ ಗುಂಪುಗಳ ಮೇಲೆ ನಡೆದ 42 ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು 1,843 ಮಂದಿಯ ವಿವರಗಳು ಅದರಲ್ಲಿದ್ದವು. ಗುಂಪಿನಲ್ಲಿ ನಡೆದವರ ರಕ್ತದೊತ್ತಡವು ಸರಾಸರಿ ಮೂರುನಾಲ್ಕು ಅಂಶಗಳಷ್ಟು ಇಳಿದಿತ್ತು. ವಿಶ್ರಾಂತಿಯಲ್ಲಿನ ಹೃದಯದ ಮಿಡಿತವು ನಿಮಿಷಕ್ಕೆ ಸುಮಾರು ಮೂರರಷ್ಟು ಕಡಿಮೆಯಾಗಿತ್ತು. ದೇಹದ ಕೊಬ್ಬು ಕುಗ್ಗಿತ್ತು. ಮನಸ್ಸಿನ ಖಿನ್ನತೆಯೂ ಇಳಿಮುಖವಾಗಿತ್ತು. ಸೇರಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಕೊನೆಯವರೆಗೂ ಬಿಡದೆ ನಡೆದರು. ಒಬ್ಬೊಬ್ಬರಲ್ಲಿ ನೋಡಿದರೆ ಇವು ಸಣ್ಣ ಅಂಕೆಗಳೆನಿಸಬಹುದು. ಆದರೆ ಇಡೀ ಊರಿನ ರಕ್ತದೊತ್ತಡವು ಮೂರು ಅಂಶ ಇಳಿದರೆ ಎಷ್ಟೋ ಮನೆಗಳಲ್ಲಿ ಪಾರ್ಶ್ವವಾಯುವಿನ ಹೊಡೆತ ತಪ್ಪುತ್ತದೆ.

ಖಿನ್ನತೆಯ ಮಾತು ಬಂದುದರಿಂದ ಒಂದನ್ನು ಹೇಳಬೇಕು. ಮದುವೆಯಾಗಿ ಬೇರೆ ಊರಿಗೆ ಬಂದ ಹೆಣ್ಣುಮಗಳಿಗೆ ಮನಸ್ಸು ಬಿಚ್ಚಿ ಮಾತನಾಡಲು ಯಾರಿದ್ದಾರೆ? ಮೊದಲು ಬಾವಿಯ ಕಟ್ಟೆ ಇತ್ತು. ಈಗ ಟಿ.ವಿ. ಇದೆ, ಮೊಬೈಲ್ ಫೋನಿದೆ. ಎರಡೂ ಕೇಳುವುದಕ್ಕಿಂತ ಹೇಳುವುದೇ ಹೆಚ್ಚು. ಪಕ್ಕದಲ್ಲಿ ನಡೆಯುವವರೊಡನೆ, ಮುಖ ನೋಡದೆ, ಮುಂದಿನ ದಾರಿ ನೋಡುತ್ತ ಆಡುವ ಮಾತಿನಲ್ಲಿ ಒಂದು ಸಲಿಗೆಯಿದೆ. ಕಷ್ಟದ ಸಂಗತಿಯೂ ಅಲ್ಲಿ ಸುಲಭವಾಗಿ ಹೊರಬರುತ್ತದೆ. ‘ನಾಲ್ಕು ದಿನದಿಂದ ಎದೆಯಲ್ಲಿ ಏನೋ ಬಿಗಿದಂತೆ ಆಗುತ್ತದೆ ಕಣಕ್ಕ’ ಎಂದು ಮನೆಯಲ್ಲಿ ಹೇಳದ ಮಾತನ್ನು ಜೊತೆಗಾತಿಗೆ ಹೇಳಿದವಳು ಮರುದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಲ್ಲಿ ನಿಲ್ಲುವ ಸಂಭವವುಂಟು.

ಒಟ್ಟಾಗಿ ನಡೆಯುವುದು ನಮ್ಮ ಹೆಂಗಸರಿಗೆ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ. 2019ರ ಜನವರಿಯಲ್ಲಿ ಮದ್ಯನಿಷೇಧವನ್ನು ಬೇಡಿ ರಾಜ್ಯದ ನಾನಾ ಜಿಲ್ಲೆಗಳ ಹಳ್ಳಿಯ ಹೆಂಗಸರು ಬಹುಸಂಖ್ಯೆಯಲ್ಲಿ ಸೇರಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ, ಸುಮಾರು 200 ಕಿಲೋಮೀಟರ್ ದೂರ ನಡೆದುಬಂದರು. ಅವರಲ್ಲಿ ವಯಸ್ಸಾದವರೂ ಇದ್ದರು. ಆ ನಡಿಗೆಯ ಉದ್ದೇಶವೇ ಬೇರೆ. ಆದರೆ ಮನೆಯಲ್ಲಿ ಒಬ್ಬಳೇ ಇದ್ದಾಗ ಹೊರಡದ ಕಾಲು ಗುಂಪಿನಲ್ಲಿ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಅದೊಂದು ನಿದರ್ಶನ.

ಎಷ್ಟು ನಡೆಯಬೇಕು, ಎಷ್ಟು ವೇಗದಲ್ಲಿ ನಡೆಯಬೇಕು ಎಂಬ ಪ್ರಶ್ನೆಗೆ ಅಳತೆಯ ಯಂತ್ರಗಳು ಬೇಕಾಗಿಲ್ಲ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದು ಯಾವ ವೈದ್ಯಶಾಸ್ತ್ರದಿಂದಲೂ ಹುಟ್ಟಿದ್ದಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರದು. ಸರಾಸರಿ 72 ವರ್ಷದ 16,741 ಸ್ತ್ರೀಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲಿಯೇ ಸಾವಿನ ಪ್ರಮಾಣವು ಗಣನೀಯವಾಗಿ ಕಡಿಮೆಯಿತ್ತು. ಸುಮಾರು 7,500 ಹೆಜ್ಜೆಗಳ ನಂತರ ಲಾಭವು ಹೆಚ್ಚಲಿಲ್ಲ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿತು. ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆದರೆ 150 ನಿಮಿಷ ತುಂಬುತ್ತದೆ. ವೇಗವನ್ನು ತಿಳಿಯಲು ವೈದ್ಯರು ಹೇಳುವ ಸರಳ ಪರೀಕ್ಷೆಯೊಂದಿದೆ: ನಡೆಯುತ್ತಿರುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಹಾಡು ಬಂದರೆ ನಡಿಗೆ ನಿಧಾನವಾಯಿತೆಂದರ್ಥ. ಮಾತೂ ನಿಂತರೆ ಅತಿಯಾಯಿತೆಂದರ್ಥ. ಮಾತನಾಡುತ್ತ ಸಾಗುವ ಗುಂಪಿನ ಬಳಿ ಈ ಮಾಪಕವು ಸದಾ ಇದ್ದೇ ಇರುತ್ತದೆ. ಗುಂಪಿನಲ್ಲಿ ಏದುಸಿರು ಬಿಡುವವರಿದ್ದರೆ ಉಳಿದವರು ಅವರ ವೇಗಕ್ಕೆ ಇಳಿಯಬೇಕೇ ಹೊರತು ಅವರನ್ನು ಹಿಂದೆ ಬಿಟ್ಟು ಹೋಗಬಾರದು.

ಕೆಲವು ಎಚ್ಚರಿಕೆಗಳೂ ಅವಶ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಸ್ತ್ರೀಯರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಹತ್ತು ಹೆಜ್ಜೆಗೆ ಸುಸ್ತಾಗುವವರು, ಮೆಟ್ಟಿಲೇರಿದರೆ ಎದೆ ಹೊಡೆದುಕೊಳ್ಳುವವರು ಮೊದಲು ರಕ್ತಪರೀಕ್ಷೆ ಮಾಡಿಸಿಕೊಂಡು ಕಬ್ಬಿಣಾಂಶದ ಮಾತ್ರೆ ಪಡೆಯತಕ್ಕದ್ದು. ನಡಿಗೆಯು ಊಟಕ್ಕೆ ಬದಲಾಗಲಾರದು. ಮಧುಮೇಹವುಳ್ಳವರ ಪಾದಕ್ಕೆ ಸ್ಪರ್ಶಜ್ಞಾನ ಕಡಿಮೆಯಿರುವುದರಿಂದ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ; ಅವರು ದೇವಸ್ಥಾನದ ದಾರಿಯಲ್ಲಿಯೂ ಬರಿಗಾಲಿನಲ್ಲಿ ನಡೆಯಬಾರದು. ಇನ್ನು ರಸ್ತೆಯ ವಿಷಯ. ದಾಬಸ್‌ಪೇಟೆ ರಸ್ತೆಯಂತಹ ಲಾರಿಗಳ ದಾರಿಯನ್ನು ಬಿಟ್ಟು ಕೆರೆಯ ಏರಿ, ತೋಟದ ಬಂಡಿದಾರಿ, ಶಾಲೆಯ ಆಟದ ಬಯಲುಗಳನ್ನು ಆರಿಸಿಕೊಳ್ಳುವುದು ಕ್ಷೇಮ. ರಸ್ತೆಯಲ್ಲಿಯೇ ನಡೆಯಬೇಕಾಗಿ ಬಂದು ಕಾಲುದಾರಿ ಇಲ್ಲದಿದ್ದರೆ ಬಲಗಡೆಯ ಅಂಚಿನಲ್ಲಿ, ಎದುರಿನಿಂದ ಬರುವ ವಾಹನವು ಕಣ್ಣಿಗೆ ಕಾಣುವಂತೆ, ಒಬ್ಬರ ಹಿಂದೆ ಒಬ್ಬರಾಗಿ ನಡೆಯಬೇಕು. ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ತಿಳಿಬಣ್ಣದ ಬಟ್ಟೆಯು ಚಾಲಕನ ಕಣ್ಣಿಗೆ ಬೇಗ ಬೀಳುತ್ತದೆ.

ಗುಂಪನ್ನು ಎಲ್ಲಿಂದ ತರುವುದೆಂದು ಕೇಳುವ ಪ್ರಮೇಯವಿಲ್ಲ. 2000–01ರಲ್ಲಿ ರಾಜ್ಯ ಸರ್ಕಾರವು ಆರಂಭಿಸಿದ ಸ್ತ್ರೀಶಕ್ತಿ ಯೋಜನೆಯ ಸ್ವಸಹಾಯ ಸಂಘಗಳು ಹಳ್ಳಿಹಳ್ಳಿಗಳಲ್ಲಿವೆ. ಉಳಿತಾಯದ ಲೆಕ್ಕಕ್ಕಾಗಿ ಸೇರುವ ಹೆಂಗಸರು ಒಬ್ಬರನ್ನೊಬ್ಬರು ಬಲ್ಲವರು, ನಂಬಿದವರು. ಆಶಾ ಕಾರ್ಯಕರ್ತೆಯು ಅವರ ನಡುವೆಯೇ ಇರುತ್ತಾಳೆ. ನಡಿಗೆ ಆರಂಭಿಸುವ ಮೊದಲು ರಕ್ತದೊತ್ತಡ, ಸಕ್ಕರೆಗಳನ್ನು ಪರೀಕ್ಷಿಸಿಕೊಳ್ಳಲು ಆಕೆಯ ನೆರವು ದೊರೆಯುತ್ತದೆ. ನಿಜವಾದ ಕೊರತೆ ಇರುವುದು ಹೊತ್ತಿಗೆ. ಬೆಳಿಗ್ಗೆ ಮಕ್ಕಳ ಶಾಲೆ, ಸಂಜೆ ದನಗಳ ಆರೈಕೆ, ಅನಂತರ ರಾತ್ರಿಯ ಮುದ್ದೆ. ಮಗನೋ ಮಗಳೋ ಒಲೆಯ ಮುಂದೆ ಅರ್ಧ ಗಂಟೆ ನಿಂತರೆ, ದನಕ್ಕೆ ಹುಲ್ಲು ಹಾಕಿದರೆ ಮಾತ್ರ ತಾಯಿಯ ಕಾಲು ಹೊಸ್ತಿಲು ದಾಟೀತು. ಹಾಲು ಕರೆಯುವ ಮನೆಗಳವರಿಗೆ ಒಂದು ಅನುಕೂಲವುಂಟು. ಸಂಜೆ ಹಾಲು ಅಳೆಯಲು ಹತ್ತಾರು ಹೆಂಗಸರು ಡೇರಿಯ ಮುಂದೆ ಹೇಗೂ ಸೇರುತ್ತಾರೆ. ಕ್ಯಾನುಗಳನ್ನು ಅಲ್ಲಿಯೇ ಜಗುಲಿಯ ಮೇಲೆ ಬೋರಲು ಹಾಕಿ, ಕೆರೆಯ ಏರಿಯ ತುದಿಯವರೆಗೆ ಹೋಗಿ ಹಿಂದಿರುಗಿ, ಮತ್ತೆ ಅವನ್ನೆತ್ತಿಕೊಂಡು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು.